ಓದದವನು ಪಾಸ್, ಓದಿದವನು ಫೇಲ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯಲ್ಲಿ ಕ್ಲೋದ್ ಶಾಬ್ರೋಲ್‌ನ 1959ರ ಫ್ರೆಂಚ್ ಸಿನಿಮಾ ‘ಲೆ ಕೂಜ್ಯಾಂ’ ಬಗ್ಗೆ ನಾಲ್ಕೇ ನಾಲ್ಕು ಸಾಲು ಬರೆದಿದ್ದೆ. ಅಷ್ಟಕ್ಕೆ ಇಷ್ಟೊಂದು ಪತ್ರ ಬಂದಿವೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು. ನೋಡದವರಿಗೆ ಕಥೆ ಇಷ್ಟು. ಶಾರ್ಲ್ ಅನ್ನುವ ಹುಡುಗ ಕಾನೂನು ಓದಲು ಊರಿನಿಂದ ಪ್ಯಾರಿಸ್‌ಗೆ ಬಂದು ಕಸಿನ್ ಪೋಲ್ ಜೊತೆ ಉಳಿದುಕೊಳ್ಳುತ್ತಾನೆ. ಪೋಲ್ ಕೂಡ ಕಾನೂನು ವಿದ್ಯಾರ್ಥಿಯೇ, ಹೆಸರಿಗೆ. ಪ್ಯಾರಿಸ್‌ಗೆ ಅಂಟಿಕೊಂಡ ನೊಯಿ ಎಂಬ ದುಡ್ಡಿನವರ ಬಡಾವಣೆಯಲ್ಲಿ ಅಪ್ಪನ ಫ್ಲಾಟು, ಬೇಕಾದಷ್ಟು ಕುಡಿತ, ಪಾರ್ಟಿ, ಮನೆಯಲ್ಲಿ ಬಂದೂಕುಗಳ ಸಂಗ್ರಹ. ಶಾರ್ಲ್ ಇಷ್ಟಪಟ್ಟ ಹುಡುಗಿ ಫ್ಲೋರಾಂಸ್ ಪೋಲ್ ಪಾಲಾಗುತ್ತಾಳೆ. ಮುಂದಿನದು ಉತ್ತರಗಳಲ್ಲಿ ಬರುತ್ತದೆ, ಕ್ಲೈಮ್ಯಾಕ್ಸ್ ಸಮೇತ. ಅದು ಈಗಲೇ ಗೊತ್ತಾಗುವುದು ಬೇಡ ಅನ್ನುವವರು ಪುಟ ತಿರುಗಿಸಿ, ಬೇಜಾರಿಲ್ಲ.

ಪ್ರ: ಸರ್, ನಾನು ಎಲ್‌ಎಲ್‌ಬಿ ಎರಡನೇ ವರ್ಷ. ಪುಸ್ತಕ ಮುಟ್ಟದ ಪೋಲ್ ಪಾಸಾಗುತ್ತಾನೆ, ನಿದ್ದೆಗೆಟ್ಟು ಓದಿದ ಶಾರ್ಲ್ ಫೇಲಾಗುತ್ತಾನೆ. ನೋಡಿ ತಲೆ ಕೆಟ್ಟುಹೋಯಿತು. ಓದಿ ಪ್ರಯೋಜನ ಇಲ್ಲ ಅಂತಲೇ ಶಾಬ್ರೋಲ್ ಹೇಳುತ್ತಿರುವುದು?
(ವಿದ್ಯಾರ್ಥಿ, ಮೈಸೂರು)

ನೀವು ಓದುವುದನ್ನು ಬಿಡಬೇಡಿ ಮಾರಾಯರೇ, ಆ ಪಾಪ ನನಗೆ ಬೇಡ.

ಸಿನಿಮಾವನ್ನು ಇನ್ನೊಂದು ಸಲ ನೋಡಿ, ಈ ಸಲ ಪರೀಕ್ಷೆಯನ್ನು ಬಿಟ್ಟು ಇಬ್ಬರಿಗೂ ಇರುವ ಭಯವನ್ನು ಮಾತ್ರ ಗಮನಿಸಿ. ಶಾರ್ಲ್ ಅಮ್ಮನಿಗೆ ಕಾಗದ ಬರೆಯುತ್ತಲೇ ಇರುತ್ತಾನೆ. ಅವನು ಓದುವುದು ಅರ್ಧ ಕಾನೂನಿಗೆ, ಅರ್ಧ ಆ ಕಾಗದಕ್ಕೆ. ಫೇಲಾದರೆ ಏನಂತ ಬರೆಯುವುದು? ಪೋಲ್‌ಗೆ ಈ ತಾಪತ್ರಯ ಇಲ್ಲ. ಫೇಲಾದರೆ ಮುಂದಿನ ವರ್ಷ, ಅದೂ ಆಗದಿದ್ದರೆ ಅದರ ಮುಂದಿನ ವರ್ಷ, ಫ್ಲಾಟು ಎಲ್ಲೂ ಓಡಿಹೋಗುವುದಿಲ್ಲ, ಅಪ್ಪನ ದುಡ್ಡು ಖಾಲಿಯಾಗುವುದಿಲ್ಲ. ಹೀಗಿರುವಾಗ ಕೈ ನಡುಗದೆ ಉತ್ತರ ಬರೆಯಬಹುದು. ಪ್ರಶ್ನೆಪತ್ರಿಕೆ ಒಂದೇ ಇರಬಹುದು, ಇಬ್ಬರೂ ಬರೆದ ಪರೀಕ್ಷೆ ಮಾತ್ರ ಬೇರೆ ಬೇರೆ.

ಹಾಗಂತ ಶಾರ್ಲ್‌ನನ್ನು ಪಟ್ಟಕ್ಕೆ ಕೂರಿಸಬೇಡಿ. ಇಲ್ಲಿ ಜಾಸ್ತಿ ಜನ ಎಡವುತ್ತಾರೆ. ನಮ್ಮಲ್ಲಿ ಹಳ್ಳಿಯಿಂದ ಬಂದವನು ಒಳ್ಳೆಯವನು, ಸಿಟಿಯವನು ಕೆಟ್ಟವನು ಅಂತ ಒಂದು ಲೆಕ್ಕ ಮೊದಲೇ ತಯಾರಿರುತ್ತದೆ. ಶಾಬ್ರೋಲ್ ಆ ಲೆಕ್ಕವನ್ನು ನಮ್ಮ ಕೈಗೆ ಕೊಟ್ಟ ಹಾಗೆ ಮಾಡಿ ಆಮೇಲೆ ಮೆಲ್ಲಗೆ ಕಿತ್ತುಕೊಳ್ಳುತ್ತಾನೆ. ಶಾರ್ಲ್‌ಗೆ ನಗು ಕಮ್ಮಿ, ತಾನು ಶುದ್ಧ ಅನ್ನುವ ಹೆಮ್ಮೆ ಜಾಸ್ತಿ. ಪಕ್ಕದ ಕೋಣೆಯಲ್ಲಿ ಪಾರ್ಟಿ ನಡೆಯುವಾಗ ಬಾಗಿಲು ಹಾಕಿಕೊಂಡು ಓದುತ್ತಾನೆ ನೋಡಿ, ಅದರಲ್ಲಿ ಓದಿನ ಆಸೆ ಎಷ್ಟು, ಆ ಜನರ ಮೇಲಿನ ಹಟ ಎಷ್ಟು ಅಂತ ಹೇಳುವುದು ಕಷ್ಟ. ಕೊನೆಗೆ ಪಿಸ್ತೂಲಿಗೆ ಗುಂಡು ತುಂಬುವವನೂ ಪೋಲ್ ಅಲ್ಲ, ಈ ಒಳ್ಳೆಯ ಹುಡುಗನೇ.

ಇನ್ನೊಂದು ಮಾತು. ಇದರಲ್ಲಿ ಒಬ್ಬ ಪುಸ್ತಕದ ಅಂಗಡಿಯವನು ಬರುತ್ತಾನಲ್ಲ, ಶಾರ್ಲ್‌ನ ಕೈಗೆ ಬಾಲ್ಝಾಕ್‌ನ ‘ಭಗ್ನ ಭ್ರಮೆಗಳು’ ಕಾದಂಬರಿ ಕೊಡುವವನು, ಆ ದೃಶ್ಯವನ್ನು ಬೇಗ ದಾಟಬೇಡಿ. ಆ ಕಾದಂಬರಿಯಲ್ಲೂ ಲೂಸಿಯಾಂ ಅನ್ನುವ ಹುಡುಗ ಅಂಗುಲೇಮ್ ಎಂಬ ಊರಿನಿಂದ ದೊಡ್ಡ ಕನಸು ಹೊತ್ತು ಪ್ಯಾರಿಸ್‌ಗೆ ಬಂದು ನೆಲಕಚ್ಚುತ್ತಾನೆ. ಅಂದರೆ ಶಾರ್ಲ್‌ಗೆ ಅವನ ಜಾತಕವನ್ನೇ ಕೈಗೆ ಕೊಟ್ಟಂತಾಯಿತು. ಓದಿಕೊಂಡ ಹುಡುಗ, ಎಚ್ಚರವಾಗಲಿಲ್ಲ. ಅಂಗಡಿಯವನ ಪಾತ್ರ ಮಾಡಿರುವ ಗಿ ದೆಕೋಂಬ್ಲ್, ಅದೇ ವರ್ಷ ಬಂದ ಇನ್ನೊಬ್ಬ ಫ್ರೆಂಚ್ ನಿರ್ದೇಶಕ ತ್ರುಫೋನ ‘400 ಬ್ಲೋಸ್’ನಲ್ಲಿ ಹುಡುಗರನ್ನು ಗೋಳು ಹುಯ್ದುಕೊಳ್ಳುವ ಮೇಷ್ಟ್ರು.

ಪ್ರ: ಇದು ಕಲರ್‌ನಲ್ಲಿ ಸಿಗುವುದಿಲ್ವಾ?
(ದಾವಣಗೆರೆ)

ಇಲ್ಲ. ಕ್ಯಾಮೆರಾಮನ್ ಆನ್ರಿ ದೆಕಾ ಕಪ್ಪು ಬಿಳುಪಿನಲ್ಲೇ ತೆಗೆದಿದ್ದು. ಹತ್ತು ನಿಮಿಷ ನೋಡಿ, ಕಲರ್ ನೆನಪಾಗುವುದಿಲ್ಲ.

ಪ್ರ: ಸಿನಿಮಾ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಪಾರ್ಟಿಯಲ್ಲಿ ಪೋಲ್ ನಾಜಿ ಟೋಪಿ ಹಾಕಿಕೊಂಡು ತಿರುಗುವ ದೃಶ್ಯ ನೋಡಿ ಹೊಟ್ಟೆ ತೊಳಸಿತು. ಇದನ್ನು ತಮಾಷೆಯ ಹಾಗೆ ತೋರಿಸಬಹುದಾ? ನಿರ್ದೇಶಕನಿಗೂ ಅದು ಇಷ್ಟವಿದ್ದ ಹಾಗೆ ಕಾಣುತ್ತದೆ.
(ನಿವೃತ್ತ ಉಪನ್ಯಾಸಕಿ, ಶಿವಮೊಗ್ಗ)

ಮೇಡಂ, ಬಂದ ಪತ್ರಗಳಲ್ಲಿ ನಿಮ್ಮದೇ ಗಟ್ಟಿ ಪತ್ರ. ಸಿನಿಮಾ ಬಂದಾಗ ಫ್ರಾನ್ಸಿನಲ್ಲೂ ಕೆಲವರಿಗೆ ಇದೇ ಅನುಮಾನ ಬಂದಿತ್ತು.

ನೋಡದವರಿಗಾಗಿ ಆ ದೃಶ್ಯ ಹೇಳುತ್ತೇನೆ. ಪಾರ್ಟಿ ಜೋರಾಗಿದೆ, ಎಲ್ಲರೂ ಕುಡಿದಿದ್ದಾರೆ. ಪೋಲ್ ದೀಪ ಆರಿಸುತ್ತಾನೆ. ಗ್ರಾಮಫೋನಿನಲ್ಲಿ ಹಿಟ್ಲರನ ಮೆಚ್ಚಿನ ಸಂಗೀತಗಾರ ವಾಗ್ನರ್‌ನ ರೆಕಾರ್ಡ್ ಹಾಕುತ್ತಾನೆ. ತಲೆಗೆ ಜರ್ಮನ್ ಅಧಿಕಾರಿಯ ಟೋಪಿ, ಕೈಯಲ್ಲಿ ಉರಿಯುವ ಮೇಣದ ದೀಪಗಳ ಕಂಬ, ಬಾಯಲ್ಲಿ ಜರ್ಮನ್ ಪದ್ಯ. ಜನರ ನಡುವೆ ನಿಧಾನ ನಡೆದುಕೊಂಡು ಬರುತ್ತಾನೆ. ಯಾರೂ ಬೈಯುವುದಿಲ್ಲ, ಎದ್ದುಹೋಗುವುದಿಲ್ಲ. ಆಮೇಲೆ ಇನ್ನೂ ಕೆಟ್ಟದ್ದು: ಕುಡಿದು ಮಲಗಿದ್ದ ಒಬ್ಬ ಯಹೂದಿ ಹುಡುಗನ ಮುಖಕ್ಕೆ ಟಾರ್ಚ್ ಬಿಟ್ಟು, ಗೆಸ್ಟಾಪೋ (ನಾಜಿಗಳ ಗುಪ್ತ ಪೊಲೀಸ್) ಅಂತ ಕೂಗಿ ಎಬ್ಬಿಸುತ್ತಾನೆ. ಆ ಹುಡುಗ ಬೆಚ್ಚಿಬಿದ್ದು ಏಳುತ್ತಾನೆ. ಪೋಲ್‌ಗೆ ಅದು ತಮಾಷೆ.

ಈಗ ವರ್ಷ ನೋಡಿ. ಪ್ಯಾರಿಸ್ ಜರ್ಮನರ ಕೈಯಿಂದ ಬಿಡುಗಡೆಯಾಗಿದ್ದು 1944ರ ಆಗಸ್ಟ್‌ನಲ್ಲಿ. ಸಿನಿಮಾ ತೆರೆಗೆ ಬಂದಿದ್ದು 1959ರ ಮಾರ್ಚ್‌ನಲ್ಲಿ. ಮಧ್ಯೆ ಹದಿನೈದು ವರ್ಷವೂ ಇಲ್ಲ. ಅದೇ ಊರಿನಲ್ಲಿ 1942ರ ಜುಲೈ 16 ಮತ್ತು 17ರಂದು ಫ್ರೆಂಚ್ ಪೊಲೀಸರೇ ಮನೆಮನೆಗೆ ಹೋಗಿ ಸುಮಾರು 13,000 ಯಹೂದಿಗಳನ್ನು ಹಿಡಿದು ಕೊಟ್ಟಿದ್ದರು, ಅದರಲ್ಲಿ 4,000ಕ್ಕೂ ಜಾಸ್ತಿ ಮಕ್ಕಳು. ಪೋಲ್‌ನ ಪಾರ್ಟಿಗೆ ಬಂದವರಲ್ಲಿ ಹೆಚ್ಚಿನವರು ಆಗ ಐದಾರು ವರ್ಷದಿಂದ ಹತ್ತು ವರ್ಷದೊಳಗಿನ ಮಕ್ಕಳು. ಆ ಯಹೂದಿ ಹುಡುಗನ ಬಾಲ್ಯ ಹೇಗಿತ್ತು ಅಂತ ಸಿನಿಮಾ ಹೇಳುವುದಿಲ್ಲ, ಅವನು ಬೆಚ್ಚಿದ ರೀತಿಯೇ ಸಾಕು. 1959ರ ಫ್ರಾನ್ಸಿಗೆ ಆ ಪೊಲೀಸರ ಕಥೆ ಕೇಳುವುದು ಬೇಕಿರಲಿಲ್ಲ. ನಾವೆಲ್ಲ ಜರ್ಮನರ ವಿರುದ್ಧ ಹೋರಾಡಿದವರು ಅನ್ನುವ ಮಾತೇ ಎಲ್ಲ ಕಡೆ. ಅಂಥ ಹೊತ್ತಿನಲ್ಲಿ, ಒಳ್ಳೆಯ ಮನೆತನದ ಹುಡುಗನೊಬ್ಬ ತನ್ನದೇ ಡ್ರಾಯಿಂಗ್ ರೂಮಿನಲ್ಲಿ ಆ ಟೋಪಿ ಹಾಕಿಕೊಂಡು ನಿಂತರೆ ಸುಮ್ನೆ ತಮಾಷೆ ಅಂತ ಹೇಗೆ ಹೇಳುವುದು?

ನಿರ್ದೇಶಕನಿಗೆ ಅದು ಇಷ್ಟವಿತ್ತಾ ಅಂದಿರಿ. ಸಂಭಾಷಣೆ ಬರೆದ ಪೋಲ್ ಗೆಗೋಫ್‌ಗೆ ಇಂಥ ಚೇಷ್ಟೆ ಇಷ್ಟವಿತ್ತು, ಅದರಲ್ಲಿ ಅನುಮಾನ ಬೇಡ. ಜನರನ್ನು ಕೆಣಕುವುದೇ ಅವನ ಹವ್ಯಾಸ. ಹೊಸ ಅಲೆಯ ನಿರ್ದೇಶಕರ ಗುಂಪಿನಲ್ಲಿ, ಅಂದರೆ ಆಗ ಫ್ರೆಂಚ್ ಸಿನಿಮಾವನ್ನು ಬದಲಿಸಲು ಹೊರಟಿದ್ದ ಶಾಬ್ರೋಲ್, ತ್ರುಫೋನಂಥ ಯುವಕರಲ್ಲಿ, ಎಲ್ಲರೂ ಅವನ ಮಾತಿಗೆ ಬೆರಗಾಗಿದ್ದವರೇ, ಪಾತ್ರಕ್ಕೆ ಪೋಲ್ ಅಂತ ಹೆಸರಿಟ್ಟಿದ್ದೂ ಆಕಸ್ಮಿಕ ಅಂತ ನನಗನ್ನಿಸುವುದಿಲ್ಲ. (ಗೆಗೋಫ್‌ನ ಕೊನೆ ಅವನು ಬರೆದ ಚಿತ್ರಕಥೆಯಂತೆಯೇ ಆಯಿತು. 1983ರ ಕ್ರಿಸ್‌ಮಸ್ ಹಿಂದಿನ ರಾತ್ರಿ ನಾರ್ವೆಯಲ್ಲಿ ಹೆಂಡತಿಯೇ ಚಾಕುವಿನಿಂದ ಇರಿದು ಕೊಂದಳು.) ಶಾಬ್ರೋಲ್ ಮಾತ್ರ ಬೇರೆ ಜಾತಿಯ ಮನುಷ್ಯ. ಅವನು ಕ್ಯಾಮೆರಾವನ್ನು ಪೋಲ್‌ನ ಮೇಲಿಟ್ಟು ಅವನು ಎಷ್ಟು ಚೆಂದ ಕಾಣುತ್ತಾನೆ ಅಂತಲೂ ತೋರಿಸುತ್ತಾನೆ, ಅದನ್ನು ನೋಡುತ್ತ ಸುಮ್ಮನೆ ಕೂತವರನ್ನೂ ತೋರಿಸುತ್ತಾನೆ. ತಪ್ಪು ಅಂತ ಬೋರ್ಡ್ ಹಾಕುವುದಿಲ್ಲ. ನಿಮಗೆ ಹೊಟ್ಟೆ ತೊಳಸಿತು ಅಂದಿರಲ್ಲ, ನನಗೂ ತೊಳಸಿತು, ಆದರೂ ಅದಕ್ಕೆ ಮೊದಲು ಒಂದು ಕ್ಷಣ ಪೋಲ್ ಪಾತ್ರದ ನಟ ಬ್ರಿಯಾಲಿಯ ನಡಿಗೆ ನೋಡುತ್ತ ಮೈಮರೆತಿದ್ದೆ. ನೋಡುವವರು ಹಾಗೆ ಮೈಮರೆಯುತ್ತಾರೆ ಅಂತ ಶಾಬ್ರೋಲ್‌ಗೆ ಚೆನ್ನಾಗಿ ಗೊತ್ತಿತ್ತು.

ಪ್ರ: ಊಟಕ್ಕಿದೆ, ಬಟ್ಟೆಗಿದೆ, ಕಾರಿದೆ. ಈ ಹುಡುಗರಿಗೆ ಆಗಿದ್ದಾದರೂ ಏನು? ಯಾಕಿಷ್ಟು ಬೇಜಾರು?
(ವ್ಯಾಪಾರಿ, ಹಾಸನ)

ಅಂಗಡಿ ಬಾಗಿಲು ತೆಗೆದು ಕೂರುವವರಿಗೆ ಈ ಪ್ರಶ್ನೆ ಬರಲೇಬೇಕು.

ಆ ಕಾಲದಲ್ಲಿ ಫ್ರಾನ್ಸಿನವರೂ ಇದನ್ನೇ ಕೇಳಿಕೊಳ್ಳುತ್ತಿದ್ದರು. 1954ರಲ್ಲಿ ಫ್ರಾನ್ಸ್ವಾಜ್ ಸಗಾಂ ಅನ್ನುವ ಹದಿನೆಂಟರ ಹುಡುಗಿ, ಸಮುದ್ರದ ಪಕ್ಕ ರಜೆ ಕಳೆಯುವ ಶ್ರೀಮಂತ ಅಪ್ಪ ಮಗಳ ಕಥೆ ‘ಬೊಂಜೂರ್ ತ್ರಿಸ್ತೆಸ್’ ಬರೆದು ದೇಶವನ್ನೇ ಬೆಚ್ಚಿಬೀಳಿಸಿದಳು. 1957ರಲ್ಲಿ ‘ಲೆಕ್ಸ್‌ಪ್ರೆಸ್’ ಪತ್ರಿಕೆ ಯುವಕರು ಏನು ಯೋಚಿಸುತ್ತಾರೆ ಅಂತ ದೊಡ್ಡ ಸಮೀಕ್ಷೆಯನ್ನೇ ಮಾಡಿಸಿತು. 1958ರಲ್ಲಿ ಹಳೆಯ ಕಾಲದ ದೊಡ್ಡ ನಿರ್ದೇಶಕ ಮಾರ್ಸೆಲ್ ಕಾರ್ನೆ ಇದೇ ವಿಷಯಕ್ಕೆ ಕೈಹಾಕಿ ‘ಲೆ ತ್ರಿಶರ್’ ತೆಗೆದ. ಅದರಲ್ಲೂ ಪ್ಯಾರಿಸ್‌ನ ಕಾಫಿ ಅಂಗಡಿಗಳು, ಜಾಝ್, ದೊಡ್ಡ ಮನೆಗಳ ಪಾರ್ಟಿ, ಪ್ರೀತಿ ಮಾಡಿದರೂ ಬಾಯಿಬಿಟ್ಟು ಹೇಳಬಾರದು ಅನ್ನುವ ಹುಚ್ಚು ಹಟ. ಒಂದು ಜಾಗ್ವಾರ್ ಕಾರು ಹುಡುಗಿಯ ಪ್ರಾಣ ತೆಗೆಯುತ್ತದೆ. ಅದು ಭರ್ಜರಿ ಓಡಿತು. ನನಗೆ ಮಾತ್ರ ಅದು ದೊಡ್ಡವರು ಚಿಕ್ಕವರ ಬಗ್ಗೆ ತಲೆ ಅಲ್ಲಾಡಿಸಿಕೊಂಡು ತೆಗೆದ ಸಿನಿಮಾ. ಆಗ ಕಾರ್ನೆಗೆ ಐವತ್ತು ದಾಟಿತ್ತು, ಶಾಬ್ರೋಲ್‌ಗೆ ಮೂವತ್ತೂ ಆಗಿರಲಿಲ್ಲ. ಆ ಕೋಣೆಗಳ ಹೊಗೆ, ಅಲ್ಲಿನ ಮಾತು ಶಾಬ್ರೋಲ್‌ಗೆ ಒಳಗಿನಿಂದ ಗೊತ್ತು. ಪ್ಯಾರಿಸ್‌ನಲ್ಲಿ ಅವನೂ ಕಾನೂನು ಓದಿದ್ದ.

ಬೇಜಾರಿಗೆ ಕಾರಣ ಕೇಳಿದಿರಿ. ಹೊರಗೆ ಏನು ನಡೆಯುತ್ತಿತ್ತು ನೋಡಿ. 1954ರಿಂದ 1962ರ ತನಕ ಅಲ್ಜೀರಿಯಾದಲ್ಲಿ ಯುದ್ಧ. ಫ್ರಾನ್ಸಿನ ಇಪ್ಪತ್ತರ ಹುಡುಗರನ್ನು ಕಡ್ಡಾಯ ಸೇನೆಗೆ ಸೇರಿಸಿ ಅಲ್ಲಿಗೆ ಕಳಿಸುತ್ತಿದ್ದರು. ಓದುತ್ತಿರುವವರು ಮಾತ್ರ ಅದನ್ನು ಮುಂದಕ್ಕೆ ಹಾಕಿಸಿಕೊಳ್ಳಬಹುದಿತ್ತು. 1958ರಲ್ಲಿ ಅದೇ ಯುದ್ಧದ ಗಲಾಟೆಯಲ್ಲಿ ಸರ್ಕಾರ ಬಿದ್ದು, ಎರಡನೇ ಮಹಾಯುದ್ಧದ ಕಾಲದ ನಾಯಕ ಜನರಲ್ ದ ಗೋಲ್ ಅಧಿಕಾರಕ್ಕೆ ವಾಪಸ್ ಬಂದ. ಆದರೆ ಪೋಲ್‌ನ ಫ್ಲಾಟಿನಲ್ಲಿ ಯಾರ ಬಾಯಲ್ಲೂ ಅಲ್ಜೀರಿಯಾ ಇಲ್ಲ. ಇಷ್ಟು ಹುಡುಗರು, ಇಷ್ಟು ಮಾತು, ಅದೊಂದು ಮಾತಿಲ್ಲ! ವಿದ್ಯಾರ್ಥಿ ಅನ್ನುವ ಹೆಸರು ಅಷ್ಟು ಬೆಲೆಬಾಳುತ್ತಿದ್ದ ಕಾಲದಲ್ಲಿ ಪುಸ್ತಕ ಮುಟ್ಟದೆ ವಿದ್ಯಾರ್ಥಿಯಾಗಿರುವುದು ಎಂಥ ಸುಖ ಅಂತ ಯೋಚಿಸಿ. (ಪೋಲ್ ಆಗಿ ನಟಿಸಿದ ಜಾನ್ ಕ್ಲೋದ್ ಬ್ರಿಯಾಲಿ ಹುಟ್ಟಿದ್ದು ಅಲ್ಜೀರಿಯಾದಲ್ಲೇ, ಸೇನಾಧಿಕಾರಿಯ ಮಗ.)

ನನ್ನ ಪ್ರಕಾರ ಈ ಹುಡುಗರ ಕಾಯಿಲೆಗೆ ಬೇಜಾರು ಅನ್ನುವ ಹೆಸರೇ ಸರಿಯಿಲ್ಲ. ಅವರು ಮಾಡಿದ್ದಕ್ಕೆ ಯಾವತ್ತೂ ಅವರು ಕೈಯಿಂದ ತೆತ್ತಿಲ್ಲ, ಅಷ್ಟೇ. ಸಿನಿಮಾದ ಶುರುವಿನಲ್ಲೇ ಒಬ್ಬ ಹುಡುಗಿ ಬರುತ್ತಾಳೆ, ಪೋಲ್‌ನಿಂದ ಬಸುರಾಗಿದ್ದಾಳೆ. ಗೋಳಾಟ ಇಲ್ಲ, ಜಗಳ ಇಲ್ಲ. ದುಡ್ಡು ಕೈಗಿಡುತ್ತಾರೆ, ಹಿಂದೆ ಮುಂದೆ ಸುತ್ತುವ ಕ್ಲೋವಿಸ್ ವ್ಯವಸ್ಥೆ ಮಾಡುತ್ತಾನೆ, ಮುಗಿಯಿತು. ಫ್ರಾನ್ಸಿನಲ್ಲಿ ಗರ್ಭಪಾತಕ್ಕೆ ಕಾನೂನಿನ ಒಪ್ಪಿಗೆ ಸಿಕ್ಕಿದ್ದು 1975ರಲ್ಲಿ. ಆಗ ಅದು ಅಪರಾಧ, ಕದ್ದುಮುಚ್ಚಿ ಮಾಡಿಸಿಕೊಂಡವರ ಜೀವಕ್ಕೇ ಅಪಾಯ. ಆ ಅಪಾಯ ಯಾರದು? ಅವಳದು. ಪೋಲ್ ಆ ದಿನವೇ ಮರೆತಿರುತ್ತಾನೆ.

ಪ್ರ: ಪೋಲ್ ಕೆಟ್ಟವನಾ, ಒಳ್ಳೆಯವನಾ? ಒಂದೇ ಮಾತಿನಲ್ಲಿ ಹೇಳಿ.
(ಕುಂದಾಪುರ)

ಉದಾರಿ.

ಪ್ರ: ಫ್ಲೋರಾಂಸ್‌ಗೆ ತಲೆ ಅನ್ನುವುದೇ ಇಲ್ಲವೇ? ಯಾರೋ ಹೇಳಿದರು ಅಂತ ಒಬ್ಬನನ್ನು ಬಿಟ್ಟು ಇನ್ನೊಬ್ಬನ ಜೊತೆ ಹೋಗುತ್ತಾಳೆ. ಗಂಡಸರು ಬರೆದ ಪಾತ್ರ ಅಂತ ಎದ್ದು ಕಾಣುತ್ತದೆ.
(ಓದುಗರು, ಧಾರವಾಡ)

ನಿಮ್ಮ ಮಾತಿನಲ್ಲಿ ಅರ್ಧಕ್ಕಿಂತ ಜಾಸ್ತಿ ನಿಜ ಇದೆ. ಗೆಗೋಫ್ ಬರೆದ ಹೆಂಗಸರಿಗೆ ಸ್ವಂತ ಕೆಲಸ, ಮನೆ, ಯೋಚನೆ ಇರುವುದು ಕಮ್ಮಿ. ಫ್ಲೋರಾಂಸ್ ಎಲ್ಲಿಂದ ಬಂದಳು, ಏನು ಓದುತ್ತಾಳೆ, ಬಾಡಿಗೆ ಯಾರು ಕಟ್ಟುತ್ತಾರೆ ಅಂತ ಸಿನಿಮಾಗೆ ಕುತೂಹಲವೇ ಇಲ್ಲ.

ಆದರೂ ಆ ಮಧ್ಯಾಹ್ನದ ದೃಶ್ಯಕ್ಕೆ ಇನ್ನೊಂದು ಅವಕಾಶ ಕೊಡಿ. ಶಾರ್ಲ್‌ನನ್ನು ನೋಡಲು ಅವಳು ಬರುತ್ತಾಳೆ, ಹೊತ್ತು ತಪ್ಪಾಗಿ ತಿಳಿದು ಬೇಗ ಬಂದುಬಿಟ್ಟಿರುತ್ತಾಳೆ, ಅವನು ಮನೆಯಲ್ಲಿಲ್ಲ. ಇರುವುದು ಪೋಲ್ ಮತ್ತು ಕ್ಲೋವಿಸ್. ಕ್ಲೋವಿಸ್‌ಗೆ ಇವರೆಲ್ಲರಿಗಿಂತ ವಯಸ್ಸು ಜಾಸ್ತಿ, ಶ್ರೀಮಂತ ಹುಡುಗರ ನೆರಳಲ್ಲಿ ಬದುಕುವವನು. ಅವನು ಅವಳ ಹತ್ತಿರ ಕೂತು ಶಾರ್ಲ್ ಜೊತೆಗಿನ ಮುಂದಿನ ಬದುಕನ್ನು ಒಂದೊಂದಾಗಿ ವರ್ಣಿಸುತ್ತಾನೆ: ಶುದ್ಧ ಪ್ರೀತಿ, ಚಿಕ್ಕ ಕೋಣೆ, ಅವನ ಓದು, ನಿನ್ನ ಕಾಯುವಿಕೆ, ನಿನ್ನ ಕೈಲಿ ಆಗುತ್ತದಾ ಅದು? ಬೈಯುವುದಿಲ್ಲ, ಬೆದರಿಸುವುದಿಲ್ಲ. ಅವಳಿಗೆ ಮೊದಲೇ ಒಳಗಿದ್ದ ಅಳುಕನ್ನು ಎತ್ತಿ ಮೇಜಿನ ಮೇಲಿಡುತ್ತಾನೆ ಅಷ್ಟೇ. ಆಗ ಫ್ಲೋರಾಂಸ್ ಪಾತ್ರದ ನಟಿ ಜೂಲಿಯೆಟ್ ಮೇನಿಯೆಲ್‌ಳ ಮುಖ ನೋಡಿ. ಅವಳಿಗೆ ಶಾರ್ಲ್ ಬೇಕು, ಆದರೆ ಶಾರ್ಲ್ ಬಯಸುವ ಹುಡುಗಿ ತಾನಲ್ಲ ಅಂತಲೂ ಗೊತ್ತು. ಅವನು ಪ್ರೀತಿಸಿದ್ದು ಅವನ ತಲೆಯಲ್ಲಿರುವ ಯಾವುದೋ ಫ್ಲೋರಾಂಸ್‌ನನ್ನು. ಅಷ್ಟರ ಮಟ್ಟಿಗೆ ಅವಳಿಗೆ ತಲೆ ಇದೆ, ಶಾರ್ಲ್‌ಗಿಂತ ಜಾಸ್ತಿಯೇ ಇದೆ.

ಆಮೇಲೆ ಅವಳು ಅದೇ ಫ್ಲಾಟಿಗೆ ಬಂದು ಪೋಲ್ ಜೊತೆ ಇರತೊಡಗುತ್ತಾಳೆ. ಪಕ್ಕದ ಕೋಣೆಯಲ್ಲಿ ಶಾರ್ಲ್ ಟಿಪ್ಪಣಿ ಬರೆಯುತ್ತಿರುತ್ತಾನೆ. ಮೂವರೂ ಸಭ್ಯವಾಗಿ ನಡೆದುಕೊಳ್ಳುತ್ತಾರೆ. ಆ ಸಭ್ಯತೆ ನೋಡುವುದೇ ಹಿಂಸೆ. ಅದೂ ಎಷ್ಟು ದಿನ? ಪೋಲ್‌ಗೆ ಸಾಕಾಗುವ ತನಕ.

ಸಣ್ಣ ಪಾತ್ರವೊಂದರಲ್ಲಿ ಕಾಣಿಸುವ ಸ್ತೆಫಾನ್ ಓದ್ರಾಂಳನ್ನೂ ಗಮನಿಸಿ. 1964ರಲ್ಲಿ ಅವಳು ಶಾಬ್ರೋಲ್‌ನನ್ನು ಮದುವೆಯಾದಳು, ಮುಂದೆ ಅವನ ಒಳ್ಳೊಳ್ಳೆಯ ಸಿನಿಮಾಗಳಲ್ಲಿ ಹೆಂಗಸರ ಪಾತ್ರಕ್ಕೆ ಜೀವ ತುಂಬಿದವಳು ಅವಳೇ. ನಿಮ್ಮ ತಕರಾರಿಗೆ ಅಲ್ಲಿ ಸ್ವಲ್ಪ ಉತ್ತರ ಸಿಗಬಹುದು.

ಪ್ರ: ಶ್ರೀಮಂತರನ್ನು ಹೀಗೆ ಬಯಲಿಗೆಳೆಯಲು ಶಾಬ್ರೋಲ್‌ಗೆ ದುಡ್ಡು ಕೊಟ್ಟವರು ಯಾರು? ಇದನ್ನು ಎಲ್ಲಿಂದ ಶುರು ಮಾಡಿ ನೋಡಬೇಕು?
(ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು)

ಕೊಟ್ಟಿದ್ದು ಪಿತ್ರಾರ್ಜಿತ ಆಸ್ತಿ! ಶಾಬ್ರೋಲ್‌ನ ಮೊದಲ ಹೆಂಡತಿಗೆ ಮನೆಕಡೆಯಿಂದ ಬಂದ ಹಣದಲ್ಲಿ ಅವನು ಕಂಪನಿ ಶುರುಮಾಡಿ ಮೊದಲ ಸಿನಿಮಾ ‘ಲೆ ಬೋ ಸೆರ್ಜ್’ ತೆಗೆದ. ಅವನೂ ಬಡವರ ಮನೆಯವನೇನಲ್ಲ, ಅಪ್ಪ ಔಷಧಿ ಅಂಗಡಿಯವರು. ಅದೇ ಹಣದಿಂದ ನಿರ್ದೇಶಕ ರೋಮರ್‌ನಂಥ ಗೆಳೆಯರ ಮೊದಲ ಸಿನಿಮಾಗೂ ನೆರವಾದ. ಹೊಸ ಅಲೆ ಅಂತ ನಾವು ಇಷ್ಟು ಭಕ್ತಿಯಿಂದ ಹೇಳುವುದರ ಬುಡದಲ್ಲಿ ಒಬ್ಬ ಹೆಂಗಸಿನ ತವರಿನ ದುಡ್ಡಿದೆ, ಪುಸ್ತಕಗಳಲ್ಲಿ ಇದು ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ.

ಶುರು ಮಾಡುವುದಾದರೆ ‘ಲೆ ಬೋ ಸೆರ್ಜ್’ನಿಂದಲೇ ಮಾಡಿ. ಯುದ್ಧದ ಸಮಯದಲ್ಲಿ ಶಾಬ್ರೋಲ್ ಬೆಳೆದ ಸಾರ್ದಾಂ ಅನ್ನುವ ಹಳ್ಳಿಯಲ್ಲೇ ಅದರ ಚಿತ್ರೀಕರಣ. ಅಲ್ಲೂ ಇದೇ ಇಬ್ಬರು ನಟರು. ಪ್ಯಾರಿಸ್‌ನಿಂದ ಹಳ್ಳಿಗೆ ಬರುವವನು ಬ್ರಿಯಾಲಿ, ಹಳ್ಳಿಯಲ್ಲೇ ಉಳಿದು ಕುಡಿದು ಹಾಳಾದವನು ಶಾರ್ಲ್ ಪಾತ್ರದ ನಟ ಜೆರಾರ್ ಬ್ಲ್ಯಾಂ. ‘ಲೆ ಕೂಜ್ಯಾಂ’ನಲ್ಲಿ ಪೂರ್ತಿ ಉಲ್ಟಾ, ಹಳ್ಳಿ ಕಡೆಯ ಬ್ಲ್ಯಾಂ ಸಿಟಿಗೆ ಬರುತ್ತಾನೆ. 1959ರಲ್ಲಿ ‘ಲೆ ಕೂಜ್ಯಾಂ’ಗೆ ಬರ್ಲಿನ್ ಚಿತ್ರೋತ್ಸವದ ಗೋಲ್ಡನ್ ಬೇರ್ ಬಂತು. 2011ರಲ್ಲಿ ಕ್ರೈಟೀರಿಯನ್ ಕಂಪನಿ ಇಂಗ್ಲಿಷ್ ಸಬ್‌ಟೈಟಲ್ ಹಾಕಿ ಎರಡನ್ನೂ ಡಿಸ್ಕ್‌ನಲ್ಲಿ ತಂದಿದೆ, ಚಿತ್ರ ಬಹಳ ಸ್ವಚ್ಛವಾಗಿದೆ. ರಜೆಯ ದಿನ ಒಂದರ ಹಿಂದೆ ಒಂದು ಹಾಕಿಕೊಳ್ಳಿ. ಮಧ್ಯೆ ಕಾಫಿ ಕುಡಿಯಿರಿ, ಬೇಕಾಗುತ್ತದೆ.

ಪ್ರ: ನಾನು ವಕೀಲ, ಹಾಗಾಗಿ ಕ್ಲೈಮ್ಯಾಕ್ಸ್ ಬಗ್ಗೆಯೇ ಕೇಳುತ್ತೇನೆ. ಶಾರ್ಲ್‌ನನ್ನು ಕೊಂದವರು ಯಾರು? ಪೋಲ್‌ಗೆ ಶಿಕ್ಷೆಯಾಗುತ್ತದಾ?
(ಹುಬ್ಬಳ್ಳಿ)

ವಕೀಲರೇ, ಇದು ನೀವು ನನಗೆ ಹೇಳಬೇಕಾದ ವಿಷಯ. ಆದರೂ ಕೇಳಿದ್ದೀರಿ, ಒಂದು ಕೈ ನೋಡುತ್ತೇನೆ.

ಮೊದಲು ಘಟನೆ. ಫೇಲಾದ ರಾತ್ರಿ ಶಾರ್ಲ್ ಪೋಲ್‌ನ ರಿವಾಲ್ವರ್ ತೆಗೆದುಕೊಂಡು ಒಂದೇ ಒಂದು ಗುಂಡು ಹಾಕುತ್ತಾನೆ. ಆರು ಗುಂಡಿನ ಜಾಗ, ಒಂದು ಗುಂಡು. ಚಕ್ರ ತಿರುಗಿಸಿ, ಮಲಗಿದ್ದ ಪೋಲ್‌ನ ತಲೆಗೆ ಗುರಿಯಿಟ್ಟು ಕುದುರೆ ಎಳೆಯುತ್ತಾನೆ. ಖಾಲಿ. ಅದೃಷ್ಟ ನಿದ್ದೆಯಲ್ಲೂ ಪೋಲ್‌ನ ಕಡೆಗೇ! ಶಾರ್ಲ್ ಗುಂಡನ್ನು ಹೊರಗೆ ತೆಗೆಯದೆ ರಿವಾಲ್ವರನ್ನು ಅಲ್ಲೇ ಬಿಡುತ್ತಾನೆ. ಬೆಳಗ್ಗೆ ಪೋಲ್ ಎದ್ದು, ಎಂದಿನ ಹಾಗೆ ಆಟವಾಡುತ್ತ, ಬಂದೂಕು ಖಾಲಿ ಅಂದುಕೊಂಡು ಶಾರ್ಲ್ ಕಡೆ ತಿರುಗಿಸಿ ಒತ್ತುತ್ತಾನೆ. ಬೇಡ ಅಂತ ಪೂರ್ತಿ ಹೇಳುವ ಹೊತ್ತೂ ಶಾರ್ಲ್‌ಗೆ ಸಿಗುವುದಿಲ್ಲ.

ನಮ್ಮಲ್ಲಾಗಿದ್ದರೆ ಪೋಲ್‌ನ ಮೇಲೆ ನಿರ್ಲಕ್ಷ್ಯದಿಂದ ಸಾವು ತಂದ ಕೇಸು, ಹಿಂದೆ ಐಪಿಸಿ 304ಎ, ಈಗ ಭಾರತೀಯ ನ್ಯಾಯ ಸಂಹಿತೆಯ 106. ಫ್ರಾನ್ಸಿನ ಆಗಿನ ದಂಡಸಂಹಿತೆಯಲ್ಲಿ ಅದಕ್ಕೆ 319ನೇ ಕಲಮು ಇತ್ತು, ಉದ್ದೇಶವಿಲ್ಲದ ನರಹತ್ಯೆ. ಇನ್ನು ಶಾರ್ಲ್ ಮಾಡಿದ್ದು? ಮಲಗಿದ್ದವನ ಮೇಲೆ ಗುಂಡಿರುವ ರಿವಾಲ್ವರ್ ಒತ್ತಿದ್ದು ಕೊಲೆ ಯತ್ನ, ಐಪಿಸಿ 307, ಈಗ ಸಂಹಿತೆಯ 109. ಆ ಕಾಲದ ಫ್ರೆಂಚ್ ಕಾನೂನು ಇನ್ನೂ ಬಿಗಿ, ಯತ್ನವನ್ನೂ ಅಪರಾಧ ಮಾಡಿದಷ್ಟೇ ಗಂಭೀರವಾಗಿ ನೋಡುತ್ತಿತ್ತು. ಅಂದರೆ ಇಬ್ಬರಲ್ಲಿ ದೊಡ್ಡ ಅಪರಾಧ ಮಾಡಿದವನು ಸತ್ತವನೇ, ಅದಕ್ಕೆ ಸಾಕ್ಷಿಯೇ ಇಲ್ಲ. ಗುಂಡು ಹಾಕಿದ್ದು ಯಾರು ಅಂತ ಪೋಲ್ ಎಷ್ಟು ಹೇಳಿದರೂ ನಂಬುವವರು ಯಾರು? ರಿವಾಲ್ವರ್ ಅವನದು, ಮನೆ ಅವನದು, ಬೆರಳೂ ಅವನದು, ಸತ್ತವನ ಹುಡುಗಿಯನ್ನು ಇಟ್ಟುಕೊಂಡಿದ್ದವನು ಅಂತ ಹತ್ತು ಜನ ಹೇಳುತ್ತಾರೆ.

ಶಿಕ್ಷೆಯಾಗುತ್ತದಾ ಅಂದರೆ, ಅಪ್ಪ ಒಳ್ಳೆಯ ವಕೀಲರನ್ನು ಇಡುತ್ತಾರೆ ಅಂತ ನನ್ನ ಅಂದಾಜು. ಪೋಲ್‌ನ ಪರವಾಗಿ ನೀವೇ ನಿಂತಿದ್ದರೆ ಹೇಗೆ ವಾದಿಸುತ್ತಿದ್ದಿರಿ? ಬರೆದು ಕಳಿಸಿ, ಎರಡು ಪುಟ ಮೀರದಂತೆ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ.